ನಿಮಗಿದು ಗೊತ್ತೆ? ತಂಬಿಗೆ ಮತ್ತು ವಿನ್ಯಾಸಶಾಲೆ
ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳ ಅಂಗಳದಲ್ಲಿ ಕಾಲು ತೊಳೆಯಲು ನೀರು ಕೊಡುವ ತಂಬಿಗೆಗೆ ಆಧುನಿಕ ವಿನ್ಯಾಸಶಾಲೆಯೊಂದರ ಇತಿಹಾಸದಲ್ಲೂ ದೊಡ್ಡ ಜಾಗವಿದೆ. ಭಾರತ ಸರ್ಕಾರದ ಕರೆಯ ಮೇಲೆ ದೇಶ ಸುತ್ತಿದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್, ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ತಂಬಿಗೆಯೇ ಬಲು ಚೆಂದ ಎಂದು 1958ರ ವರದಿಯಲ್ಲಿ ಬರೆದರು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗ, ಬರಿದಾದಾಗ ತೂಕ ಎಲ್ಲಿ ನಿಲ್ಲಬೇಕು, ಬಡಿದರೆ ಎಂಥ ಸದ್ದು ಬರಬೇಕು? ಇದೆಲ್ಲ ಒಬ್ಬನ ಜಾಣ್ಮೆಯಲ್ಲ, ತಲೆತಲಾಂತರದ ಕೈಗಳು ತಿದ್ದಿದ್ದು ಎಂದರು ಅವರು. ಎಂಥ ಸೂಕ್ಷ್ಮ ನೋಟ! ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. 1919ರಲ್ಲಿ ಜರ್ಮನಿಯಲ್ಲಿ ಶುರುವಾದ ಬೌಹೌಸ್ ಶಾಲೆಯ ‘ಮಾಡಿ ಕಲಿ’ ಕ್ರಮ ಈ ಸಂಸ್ಥೆಯಲ್ಲೂ ಬೇರುಬಿಟ್ಟಿತು. ಬೆಂಗಳೂರಿನಲ್ಲೂ ಈ ಸಂಸ್ಥೆಯ ಕ್ಯಾಂಪಸ್ ಇದೆ.