ತಿರುಪ್ಪೂರಿನ ಉಪ್ಪಿನ ಲೆಕ್ಕ

ಹತ್ತಿ ಬಟ್ಟೆಗೆ ಗಾಢ ಬಣ್ಣ ಹಿಡಿಯಬೇಕಾದರೆ ರಾಶಿ ಉಪ್ಪು ಬೇಕು. ನೀರಿನಲ್ಲಿ ನೂಲಿಗೂ ಬಣ್ಣದ ಕಣಕ್ಕೂ ಋಣ ವಿದ್ಯುದಂಶವೇ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ವಿಕರ್ಷಣೆಯನ್ನು ತಗ್ಗಿಸುತ್ತದೆ. ಲೀಟರ್ ನೀರಿಗೆ 50 ಗ್ರಾಮಿಗೂ ಹೆಚ್ಚು ಬೀಳುವುದುಂಟು. ಬಣ್ಣದಲ್ಲಿ ಬಹುಪಾಲು ಬಟ್ಟೆಯಲ್ಲಿ ನಿಲ್ಲುತ್ತದೆ, ಉಪ್ಪು ಮಾತ್ರ ನಿಲ್ಲುವುದೇ ಇಲ್ಲ. ಹೆಣೆದ ಹತ್ತಿ ಉಡುಪಿನ ರಫ್ತಿಗೆ ಹೆಸರಾದ ತಮಿಳುನಾಡಿನ ತಿರುಪ್ಪೂರಿನಲ್ಲಿ ಈ ಉಪ್ಪುನೀರು ವರ್ಷಗಟ್ಟಲೆ ಕಾವೇರಿಯ ಉಪನದಿ ನೊಯ್ಯಲ್‌ಗೆ ಹರಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಗಿ, ಆ ನೀರು ನಮ್ಮ ಹೊಲಕ್ಕೆ ಬೇಡವೆಂದು ರೈತರೇ ಹೇಳುವ ಸ್ಥಿತಿ ಬಂತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಮತ್ತೆ ತೆರೆಯಬೇಕಾದರೆ ಕೊಳೆನೀರಿನ ಒಂದು ಹನಿಯೂ ಹೊರಹೋಗಬಾರದು ಎಂಬುದು ಷರತ್ತು.

ಕಟ್ಟುನಿಟ್ಟಾದ ಪರಿಸರ ನಿಯಮ ಹೊಸ ತಂತ್ರಜ್ಞಾನಕ್ಕೆ ದಾರಿಮಾಡಿ, ಎಷ್ಟೋ ಸಲ ತಗಲಿದ ಖರ್ಚನ್ನೂ ಹಿಂದಿರುಗಿಸುತ್ತದೆಂದು ನಿರ್ವಹಣಾಶಾಸ್ತ್ರಜ್ಞ ಮೈಕೆಲ್ ಪೋರ್ಟರ್ 1991ರಲ್ಲಿ ವಾದಿಸಿದ್ದರು. ಅಂಥ ಲಾಭ ಕಣ್ಣೆದುರೇ ಇದ್ದರೆ ಮಾಲೀಕ ಮೊದಲೇ ಬಾಚಿಕೊಳ್ಳುತ್ತಿರಲಿಲ್ಲವೇ ಎಂಬುದು ಅರ್ಥಶಾಸ್ತ್ರಜ್ಞರ ಆಕ್ಷೇಪ. ತಿರುಪ್ಪೂರಿನಲ್ಲಿ ಇದಕ್ಕೆ ಉತ್ತರವಿದೆ. ನದಿಗೆ ಪುಕ್ಕಟೆ ಸುರಿಯಬಹುದಾಗಿದ್ದಾಗ ಹರಿದುಹೋಗುವ ಉಪ್ಪಿಗೆ ಯಾರೂ ಲೆಕ್ಕ ಇಡುತ್ತಿರಲಿಲ್ಲ. ನದಿಯ ದಾರಿ ಮುಚ್ಚಿದ ಮೇಲೆ ಲೆಕ್ಕ ಶುರುವಾಯಿತು. ಕೊಳೆನೀರನ್ನು ಜೈವಿಕವಾಗಿ ಶುದ್ಧಮಾಡಿ, ಉಪ್ಪನ್ನು ತಡೆಯುವ ಆರ್‌ಒ ಪೊರೆಗಳ ಮೂಲಕ ಒತ್ತಿದರೆ ಬಹುಪಾಲು ನೀರು ಮತ್ತೆ ಬಳಕೆಗೆ ಸಿಗುತ್ತದೆ. ಪೊರೆಯ ಈಚೆ ಉಳಿಯುವ ಗಟ್ಟಿ ಉಪ್ಪುನೀರನ್ನು ಬಾಷ್ಪೀಕರಣ ಯಂತ್ರದಲ್ಲಿ ಕುದಿಸುವುದಂತೂ ಶುದ್ಧ ಖರ್ಚು: ಸೌದೆ, ವಿದ್ಯುತ್ತು, ಕೊನೆಗೆ ಗುಡ್ಡೆಬೀಳುವ ಕೆಸರು. ಅದೇ ಉಪ್ಪುನೀರಿನ ಬಣ್ಣ ತೆಗೆದು ಮತ್ತೆ ಬಣ್ಣದ ತೊಟ್ಟಿಗೆ ಬಿಟ್ಟರೆ ಉಪ್ಪು ಕೊಳ್ಳುವ ಖರ್ಚೂ ಇಳಿಯುತ್ತದೆ, ಕುದಿಸುವ ಹೊರೆಯೂ ಇಳಿಯುತ್ತದೆ. ಕಾರ್ಖಾನೆಯ ಬಾಲಕ್ಕೆ ಕಟ್ಟಿದ ಯಂತ್ರ ಹಣ ತಿನ್ನುತ್ತದೆ, ಹೊಟ್ಟೆಯೊಳಗೆ ಸೇರಿದ ಉಪಾಯ ಹಣ ಉಳಿಸುತ್ತದೆ. ಪರಿಸರ ತಂತ್ರಜ್ಞಾನ ಲಾಭವೋ ನಷ್ಟವೋ ಎಂದು ಒಟ್ಟಾಗಿ ಕೇಳುವ ಬದಲು, ಅದು ಕೆಲಸದ ಯಾವ ಹಂತದಲ್ಲಿ ಕೂತಿದೆ ಎಂದು ನೋಡಬೇಕು.

ಸಣ್ಣ ಘಟಕಗಳು ಮುಚ್ಚಿದವು, ಕೂಲಿಗಳು ಕೆಲಸ ಕಳೆದುಕೊಂಡರು ಎಂಬ ಆಕ್ಷೇಪ ನಿಜ, ಅದನ್ನು ತೇಲಿಸಿಬಿಡಲಾಗದು. ಆದರೆ ಕೊಳೆನೀರಿನ ಖರ್ಚು ಹೊಸದಾಗಿ ಹುಟ್ಟಿದ್ದಲ್ಲ. ಅಲ್ಲಿಯವರೆಗೆ ಅದನ್ನು ನೊಯ್ಯಲ್ ದಡದ ರೈತರು ಬಾವಿ ಕೆಟ್ಟು, ಮಣ್ಣು ಕೆಟ್ಟು ತೀರಿಸುತ್ತಿದ್ದರು. ಮುಂದಿನ ವರ್ಷಗಳಲ್ಲಿ ತಿರುಪ್ಪೂರಿನ ರಫ್ತು ಏರಿತು. ಏರಿಕೆಗೆ ರೂಪಾಯಿಯ ಬೆಲೆ, ಹೊರಗಿನ ಬೇಡಿಕೆಯೂ ಕಾರಣ. ಅದನ್ನು ಶುದ್ಧೀಕರಣದ ಫಲವೆನ್ನುವುದು ಅತಿಯಾಗುತ್ತದೆ. ಉದ್ಯಮವೇ ಮುಳುಗುತ್ತದೆಂಬ ಭಯ ಮಾತ್ರ ಸುಳ್ಳಾಯಿತು. ಒಬ್ಬೊಬ್ಬರಿಂದ ಆಗದ ಶುದ್ಧೀಕರಣ ಸ್ಥಾವರವನ್ನು ಹತ್ತಾರು ಘಟಕಗಳು ಕೂಡಿ ನಡೆಸಿದ್ದೂ, ಸರ್ಕಾರ ಸಾಲ ಕೊಟ್ಟದ್ದೂ ಉಳಿದವರನ್ನು ಎತ್ತಿಹಿಡಿದವು. ಆ ನೆರವು ಬೀಗ ಬೀಳುವ ಮೊದಲೇ ಪೂರ್ತಿಯಾಗಿ ಸಿಕ್ಕಿದ್ದರೆ ಇನ್ನಷ್ಟು ಸಣ್ಣವರು ಬದುಕುತ್ತಿದ್ದರು. ಬೇರೆಡೆ ಇಂಥದೇ ನಿಯಮ ತರುವ ಸರ್ಕಾರಗಳು ಗಡುವಿನ ಆದೇಶದ ಜೊತೆಗೇ ಸಾಲದ ಆದೇಶವನ್ನೂ ಹೊರಡಿಸಲಿ.