ರಿಸರ್ವ್ಡ್: ಯಾರು ಎತ್ತಿಟ್ಟರು, ಯಾರಿಗಾಗಿ?

ಇಂದಾಪುರ ಸ್ಟ್ಯಾಂಡಿಗೆ ಬರುವ ಎಸ್‌ಟಿ ಬಸ್ಸುಗಳಲ್ಲಿ ಮಹಿಳೆಯರ ಸೀಟಿನ ಹತ್ತಿರ 'ರಾಖೀವ್' ಅಂತ ಮರಾಠಿಯಲ್ಲಿ ಬರೆದಿರ್ತದೆ. ಅದೇ ಇಂಗ್ಲಿಷಿನ 'ರಿಸರ್ವ್ಡ್', ನಮ್ಮ 'ಮೀಸಲು'. ಪದ ಎಲ್ಲರಿಗೂ ಗೊತ್ತು. ಆದ್ರೆ ಜಾಗ ಬದಲಾದ ಹಾಗೆ ಅದರ ಅರ್ಥವೂ ಬದಲಾಗ್ತದೆ.

ಇದು 'ರಿಸರ್ವ್' ಕ್ರಿಯಾಪದದ ಮೂರನೇ ರೂಪ. ಲ್ಯಾಟಿನ್ ಮೂಲದಲ್ಲಿ 'ಎತ್ತಿಡು, ಕಾಪಾಡು' ಎಂಬ ಅರ್ಥ. 'ಮೈ ಸೀಟ್ ಈಸ್ ರಿಸರ್ವ್ಡ್' ಅಂದ್ರೆ ನನ್ನ ಸೀಟು ಕಾಯ್ದಿರಿಸಿದೆ. 'ಐ ಆ್ಯಮ್ ರಿಸರ್ವ್ಡ್' ಅಂದ್ರೆ ನಾನು ಮಿತಭಾಷಿ, ಮನಸ್ಸಿನ ಮಾತು ಬೇಗ ಹೊರಗೆ ಹಾಕುವವನಲ್ಲ. ಟಿಕೆಟ್ ಬುಕ್ ಆಗಿದೆ ಅನ್ನೋದಕ್ಕೆ ಎರಡನೆಯದನ್ನು ಬಳಸಬಾರದು.

ಕೋರ್ಟಿನಲ್ಲಿ 'ಜಡ್ಜ್‌ಮೆಂಟ್ ರಿಸರ್ವ್ಡ್' ಅಂದ್ರೆ ವಾದ ಮುಗಿದಿದೆ, ತೀರ್ಪು ಆಮೇಲೆ. ಪುಸ್ತಕದ ಮೇಲೆ 'ಆಲ್ ರೈಟ್ಸ್ ರಿಸರ್ವ್ಡ್' ಅಂದ್ರೆ ಹಕ್ಕುಗಳನ್ನು ಒಡೆಯರೇ ಇಟ್ಟುಕೊಂಡಿದ್ದಾರೆ. 1927ರ ಅರಣ್ಯ ಕಾಯ್ದೆಯ 'ರಿಸರ್ವ್ಡ್ ಫಾರೆಸ್ಟ್'ನಲ್ಲಿ ಅನುಮತಿ ಇಲ್ಲದೆ ಸೌದೆಯನ್ನೂ ತರುವಂತಿಲ್ಲ.

ಉರ್ದು ಇಲ್ಲಿ ಎರಡು ಪದ ಕೊಡ್ತದೆ. ತೀರ್ಪು 'ಮೆಹಫೂಜ್', ಸೀಟು 'ಮಖ್ಸೂಸ್'. ಮೊದಲನೆಯದು ಕಾಪಾಡಿದ್ದು, 'ಹಾಫಿಜ್' ಕೂಡ ಅದೇ ಧಾತುವಿನದು. ಎರಡನೆಯದು ಒಬ್ಬರಿಗೇ ಅಂತ ಬೇರೆ ಮಾಡಿದ್ದು. ಇಂಗ್ಲಿಷ್ ಎರಡನ್ನೂ ಒಂದೇ ಪದದಲ್ಲಿ ತುಂಬುತ್ತದೆ.

ವಿದ್ಯಾರ್ಥಿಗಳು ಗಮನಿಸಬೇಕಾದ್ದು ಇನ್ನೊಂದಿದೆ. 'ಈಸ್ ರಿಸರ್ವ್ಡ್' ಕರ್ಮಣಿ ಪ್ರಯೋಗ. ಅದರಲ್ಲಿ ಕರ್ತೃ ಕಾಣಿಸೋದಿಲ್ಲ. ಎತ್ತಿಟ್ಟವರು ಯಾರು ಅಂತ ನಾವೇ ಕೇಳಬೇಕು, ಯಾಕಂದ್ರೆ ಎತ್ತಿಟ್ಟ ಕೈ ವಾಪಸ್ಸೂ ತೆಗೆದುಕೊಳ್ಳಬಹುದು. ಮಹಾರಾಷ್ಟ್ರದಲ್ಲಿ 2014ರ ಸುಗ್ರೀವಾಜ್ಞೆ ಮುಸ್ಲಿಮರಿಗೆ ಶೇ. 5 ಮೀಸಲಾತಿ ಕೊಟ್ಟಿತು. ಹೈಕೋರ್ಟ್ ಶಿಕ್ಷಣದ ಭಾಗಕ್ಕೆ ಒಪ್ಪಿದರೂ ಅದು ಕಾನೂನಾಗದೆ ಅದೇ ವರ್ಷ ಮುಗಿದುಹೋಯ್ತು. ಕರ್ನಾಟಕದ 2ಬಿ ಪ್ರವರ್ಗದ ಶೇ. 4 ಅನ್ನು 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ ತೆಗೆಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಆ ಆದೇಶ ಜಾರಿಯಾಗದೆ ನಿಂತಿತು.

'ಯಾರಿಗಾಗಿ' ಅನ್ನುವ ಪ್ರಶ್ನೆಯೂ ಅಷ್ಟೇ ಮುಖ್ಯ. ಮಹಾರಾಷ್ಟ್ರದ ಒಬಿಸಿ ಪಟ್ಟಿಯಲ್ಲಿ ಮೋಮಿನ್, ಬಾಗವಾನ, ತಾಂಬೋಳಿಯಂಥ ಸಮುದಾಯಗಳಿವೆ. ಆದ್ರೆ ಜಾತಿ ಪ್ರಮಾಣಪತ್ರ, ನಾನ್-ಕ್ರೀಮಿಲೇಯರ್ ಪತ್ರ ಇಲ್ಲದಿದ್ದರೆ ಆ ಸೀಟು ನಮ್ಮ ಮಕ್ಕಳ ಕೈಗೆ ಸಿಗೋದಿಲ್ಲ. ಹತ್ತನೇ ತರಗತಿ ಮುಗಿಯೋದರೊಳಗೆ ಕಾಗದ ಮಾಡಿಸಿಡಿ. ಅರ್ಜಿಯಲ್ಲಿ 'ರಿಸರ್ವ್ಡ್' ಅನ್ನುವ ಕಾಲಂ ತುಂಬುವಾಗ ಅರ್ಥದ ಜೊತೆ ದಾಖಲೆಯೂ ಕೈಯಲ್ಲಿರಲಿ.