ಕಲ್ಲುನೆಲದ ಬಚ್ಚಲಿಗೆ 30 ಮಿಲಿಆಂಪಿಯರ್

ಹೊಸದುರ್ಗ, ಹಿರಿಯೂರು ಕಡೆಯ ತೋಟದ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಗೆ ತೆಂಗಿನ ಮಟ್ಟೆ, ಗರಿ, ಜಾಲಿ ಸೌದೆ ಹಾಕುವುದು ಇನ್ನೂ ಪೂರ್ತಿ ನಿಂತಿಲ್ಲ. ಹೊಳಲ್ಕೆರೆ ಕಡೆ ಅಡಿಕೆ ಸಿಪ್ಪೆ, ಮೆಕ್ಕೆಜೋಳದ ಬೆಂಡೂ ಅದೇ ಒಲೆಗೆ ಹೋಗುತ್ತವೆ. ಆ ಬೆಂಕಿಯ ಅಪಾಯ ಎಲ್ಲರಿಗೂ ಕಾಣುತ್ತಿತ್ತು, ಮಕ್ಕಳನ್ನು ದೂರ ನಿಲ್ಲಿಸಿದರೆ ಸಾಕಾಗುತ್ತಿತ್ತು. ಆಮೇಲೆ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಬಂತು, ಗೋಡೆಗೆ ಗೀಸರ್ ಏರಿತು, ತಾರಸಿಯ ಮೇಲೆ ಸೋಲಾರ್ ಟ್ಯಾಂಕ್ ಕೂತಿತು. ಮೋಡದ ದಿನಗಳಿಗೆಂದು ಆ ಸೋಲಾರ್ ಟ್ಯಾಂಕಿನೊಳಗೂ ಕರೆಂಟಿನ ಕಾಯಿಲ್ ಇಟ್ಟರು. ಈಗ ಕೈಯಲ್ಲಿ ನಾಲ್ಕು ಕಾಸಿರುವವರು ಹೊಸ ಮನೆಯ ನಕ್ಷೆಯಲ್ಲೇ ಬಾತ್‌ಟಬ್ಬಿಗೆ, ನೀರು ಬಿಸಿಯಾಗಿ ಸುಳಿಯುವ ಹಾಟ್ ಟಬ್ಬಿಗೆ ಜಾಗ ಬಿಡಿಸಬಹುದು. ಇಷ್ಟೆಲ್ಲ ಬದಲಾದರೂ ನಮ್ಮ ಸುರಕ್ಷತೆಯ ನಂಬಿಕೆ ಮಾತ್ರ ಒಂದೇ ಕಡೆ ನಿಂತಿದೆ: ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು, ಪೈಪು ಹೂತು ಮಾಡಿದ ಅರ್ತಿಂಗ್. ಚಿತ್ರದುರ್ಗದಂಥ ನೆಲದಲ್ಲಿ ಆ ಗುಂಡಿಯೊಂದನ್ನೇ ನಂಬುವುದು ಸರಿಯಲ್ಲ. ಈ ಜಿಲ್ಲೆಯ ಬಚ್ಚಲಲ್ಲಿ ಜೀವ ಉಳಿಸುವುದು ಮುಖ್ಯವಾಗಿ ಮೀಟರ್ ಬೋರ್ಡಿನಲ್ಲಿ ಇರಬೇಕಾದ ಒಂದು ಸಣ್ಣ ಸ್ವಿಚ್ಚು. ನಮ್ಮ ಎಲೆಕ್ಟ್ರಿಷಿಯನ್ನರು ಅದನ್ನು ಈಗಲೂ ಇಎಲ್‌ಸಿಬಿ ಎನ್ನುತ್ತಾರೆ, ಅಂಗಡಿಯಲ್ಲಿ ಕೊಡುವುದು ಆರ್‌ಸಿಸಿಬಿ.

ಈ ಮಾತಿಗೆ ಆಧಾರ ನೆಲದಲ್ಲೇ ಇದೆ. ಗೀಸರ್ ಒಳಗಿನ ಫೇಸ್ ಅದರ ಲೋಹದ ಮೈಗೆ ತಾಗಿದಾಗ ಕರೆಂಟು ಅರ್ತ್ ವೈರ್ ಹಿಡಿದು ಗುಂಡಿಗೆ ಇಳಿದು, ನೆಲದ ಮೂಲಕ ಟ್ರಾನ್ಸ್‌ಫಾರ್ಮರಿನ ಅರ್ತ್‌ಗೆ ಮರಳುತ್ತದೆ. ಹೀಗೆ ಹರಿಯುವ ಕರೆಂಟು ದೊಡ್ಡದಾಗಿದ್ದರೆ ಫ್ಯೂಸ್ ಹೋಗುತ್ತದೆ, ಸಣ್ಣದಾಗಿದ್ದರೆ ಹೋಗುವುದಿಲ್ಲ. ದೊಡ್ಡದೋ ಸಣ್ಣದೋ ಎಂಬುದು ಮಣ್ಣಿನ ಕೈಯಲ್ಲಿದೆ. 1966ರಲ್ಲಿ ಮೊದಲು ಪ್ರಕಟವಾಗಿ ಆಮೇಲೆ ಪರಿಷ್ಕೃತವಾದ ಐಎಸ್ 3043 ಎಂಬ ಅರ್ತಿಂಗ್ ಸಂಹಿತೆ ಇದಕ್ಕೊಂದು ಸೂತ್ರ ಕೊಡುತ್ತದೆ. ಎರಡೂವರೆ ಮೀಟರ್ ಉದ್ದ, 40 ಮಿಲಿಮೀಟರ್ ದಪ್ಪದ ಪೈಪನ್ನು ತೇವ ಇರುವ ಕಪ್ಪು ಮಣ್ಣಿನಲ್ಲಿ ಹೂತರೆ, ಅಂದರೆ ಮಣ್ಣಿನ ನಿರೋಧಗುಣ 10 ಓಮ್-ಮೀಟರ್ ಇದ್ದರೆ, ಗುಂಡಿಯ ರೋಧ ಸುಮಾರು ಮೂರೂವರೆ ಓಮ್. ಅದೇ ಪೈಪು 500 ಓಮ್-ಮೀಟರಿನ ಒಣ ಗರಸು ಮಣ್ಣಿನಲ್ಲಿದ್ದರೆ ಸುಮಾರು 175 ಓಮ್. ಕೆಳಗೆ ಬಂಡೆಯೇ ಸಿಕ್ಕಿ ಪೈಪು ಅರ್ಧಕ್ಕೆ ನಿಂತರೆ ರೋಧ ಇನ್ನೂ ಮೇಲೇರುತ್ತದೆ.

175 ಓಮ್ ಎಂದರೆ ಏನು? 230 ವೋಲ್ಟಿನಲ್ಲಿ ಅಂಥ ಗುಂಡಿಗೆ ಹರಿಯುವುದು ಒಂದೂಕಾಲು ಆಂಪಿಯರಿಗಿಂತ ತುಸು ಹೆಚ್ಚು. ಮೂರು ಕಿಲೋವ್ಯಾಟಿನ ಗೀಸರು ದಿನವೂ ಎಳೆಯುವುದೇ 13 ಆಂಪಿಯರ್. ಈಗ ಫ್ಯೂಸಿನ ಜಾಗದಲ್ಲಿ ಕೂತಿರುವ 16 ಆಂಪಿಯರಿನ ಎಂಸಿಬಿಗೆ ಈ ಒಂದು ಆಂಪಿಯರ್ ಗಮನಕ್ಕೇ ಬರುವುದಿಲ್ಲ. ಗೀಸರಿನ ಮೈ, ನಲ್ಲಿ, ಶವರ್ ಎಲ್ಲ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ನಿಂತಿರುತ್ತವೆ, ಮನೆಯಲ್ಲಿ ದೀಪ ಎಂದಿನಂತೆ ಉರಿಯುತ್ತಿರುತ್ತದೆ. ಒದ್ದೆ ಮೈಯ ರೋಧ ಸಾವಿರ ಓಮಿನ ಆಸುಪಾಸಿಗೆ ಇಳಿದಿರುತ್ತದೆ. ಅಂಥ ಮೈಯಲ್ಲಿ ಹರಿಯುವುದು 200 ಮಿಲಿಆಂಪಿಯರಿಗೂ ಹೆಚ್ಚು, ಹೃದಯದ ಬಡಿತದ ಲಯ ಕೆಡಿಸಲು ಅದು ಧಾರಾಳ ಸಾಕು. ಹಿರಿಯೂರಿನ ಕಪ್ಪು ನೆಲದಲ್ಲಿ ಒಳ್ಳೆಯ ಗುಂಡಿ ಇದ್ದರೂ ಲೆಕ್ಕ ಅಷ್ಟೇನೂ ಸುಧಾರಿಸುವುದಿಲ್ಲ. ಮನೆಯ ಗುಂಡಿ ನಾಲ್ಕು ಓಮ್, ಟ್ರಾನ್ಸ್‌ಫಾರ್ಮರಿನದು ನಾಲ್ಕು ಓಮ್ ಎಂದಿಟ್ಟುಕೊಂಡರೂ ಹರಿಯುವುದು ಸುಮಾರು 29 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳಲು ನಿಮಿಷಗಳೇ ಹಿಡಿಯಬಹುದು, ಅಷ್ಟು ಹೊತ್ತೂ ಗೀಸರಿನ ಮೈಮೇಲೆ ನೂರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ. ಇನ್ನು ತೇವದ ವಿಚಾರ. 1907ರಲ್ಲಿ ಕಟ್ಟಿ ಮುಗಿಸಿದ ಈ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬೋರ್‌ವೆಲ್ಲಿಗೆ ನೂರಾರು ಅಡಿ ಕೊರೆಯುವ ಈ ಸೀಮೆಯಲ್ಲಿ ಎಂಟಡಿಯ ಪೈಪಿನ ಸುತ್ತ ಏಪ್ರಿಲ್ ಮೇ ತಿಂಗಳಲ್ಲಿ ತೇವ ಉಳಿದಿರುತ್ತದೆಂದು ನಂಬುವುದು ಹೇಗೆ?

ಗುಂಡಿಯನ್ನೂ ಫ್ಯೂಸನ್ನೂ ಮಾತ್ರ ನಂಬುವ ಇಂಥ ಏರ್ಪಾಡು ನಮ್ಮ ಮನೆಗಳಿಗೆ ಬಂದದ್ದಕ್ಕೆ ಕರೆಂಟು ಬಂದ ದಾರಿಯೇ ಕಾರಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಆ ಕಾಲದ ರಕ್ಷಣೆಯ ವಿಚಾರವೆಲ್ಲ ತಂತಿ ಮತ್ತು ಯಂತ್ರದ ಸುತ್ತ ಇತ್ತು. ತಂತಿ ಕಾದು ಬೆಂಕಿ ಹತ್ತಬಾರದು, ಅದಕ್ಕಾಗಿ ಫ್ಯೂಸ್. ಮನುಷ್ಯನ ಮೈ ತಡೆಯುವ ಕರೆಂಟು ಫ್ಯೂಸ್ ಕರಗಿಸುವ ಕರೆಂಟಿಗಿಂತ ನೂರಾರು ಪಟ್ಟು ಕಡಿಮೆ ಎಂಬುದನ್ನು ಅಳೆಯುವ ಕೆಲಸ ನಡೆದದ್ದು ಬಹಳ ತಡವಾಗಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ತಾವಾಗಿ ಮುಂದೆ ಬಂದ ಜನರ ಕೈಗೆ ಕರೆಂಟು ಕೊಟ್ಟು, ಹಿಡಿದ ತಂತಿಯನ್ನು ಎಷ್ಟರವರೆಗೆ ಬಿಡಲು ಸಾಧ್ಯ ಎಂದು ಪರೀಕ್ಷಿಸಿದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಹತ್ತೂವರೆ. ಅದನ್ನು ಮೀರಿದರೆ ಸ್ನಾಯು ಬಿಗಿದು ಕೈ ಅಂಟಿಕೊಳ್ಳುತ್ತದೆ. ಹದಿನೈದಿಪ್ಪತ್ತು ಮಿಲಿಆಂಪಿಯರಿನಲ್ಲಿ ಕೈ ಕಚ್ಚಿಕೊಳ್ಳುವಾಗ 16 ಆಂಪಿಯರಿನ ಫ್ಯೂಸನ್ನು ಕಾವಲಿಗಿಟ್ಟರೆ ಅದು ಯಾರನ್ನು ಕಾದೀತು?

ಉತ್ತರ ಹುಟ್ಟಿದ ಜಾಗಗಳಲ್ಲೊಂದು ಇನ್ನೊಂದು ಚಿನ್ನದ ಗಣಿ. ದಕ್ಷಿಣ ಆಫ್ರಿಕಾದ ಗಣಿಗಳಿಗಾಗಿ ಹೆನ್ರಿ ರೂಬಿನ್ ಎಂಬ ಎಂಜಿನಿಯರ್ 1955ರಲ್ಲಿ 250 ಮಿಲಿಆಂಪಿಯರ್ ಸೋರಿಕೆಗೆ ಕತ್ತರಿಸುವ ಸಾಧನ ಮಾಡಿದರು, ಮರುವರ್ಷವೇ ಇಪ್ಪತ್ತಕ್ಕೂ ಕಡಿಮೆ ಮಿಲಿಆಂಪಿಯರಿಗೆ ಕತ್ತರಿಸುವ ಮಾದರಿ ಮುಂದಿಟ್ಟರು. ಆಸ್ಟ್ರಿಯಾದಲ್ಲಿ ಗಾಟ್‌ಫ್ರೀಡ್ ಬೀಗೆಲ್‌ಮೈಯರ್, ಅಮೆರಿಕದಲ್ಲಿ ಡಾಲ್ಜಿಯಲ್ ಇದೇ ದಿಕ್ಕಿನಲ್ಲಿ ದುಡಿದರು. ಇದಕ್ಕೂ ಹಿಂದಿನ ಇಎಲ್‌ಸಿಬಿ ಅರ್ತ್ ವೈರಿನ ವೋಲ್ಟೇಜ್ ನೋಡಿ ಬೀಳುವಂಥದ್ದು, ಅರ್ತ್ ವೈರ್ ಕಡಿದಿದ್ದರೆ ಅದು ನಿರುಪಯೋಗಿ. ಹೊಸದರ ತತ್ತ್ವ ಬಹಳ ಸರಳ. ಫೇಸಿನಲ್ಲಿ ಒಳಗೆ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ಹೊರಗೆ ಬರಬೇಕು. ಎರಡೂ ತಂತಿಗಳು ಒಂದು ಕಬ್ಬಿಣದ ಬಳೆಯೊಳಗೆ ಹಾದುಹೋಗುತ್ತವೆ. ಬಂದ ಲೆಕ್ಕ ಹೋದ ಲೆಕ್ಕಕ್ಕಿಂತ 30 ಮಿಲಿಆಂಪಿಯರ್ ಕಡಿಮೆಯಾದರೆ ಉಳಿದದ್ದು ಎಲ್ಲೋ ನೆಲಕ್ಕೆ, ಬಹುಶಃ ಯಾರದೋ ಮೈಯ ಮೂಲಕ, ಸೋರುತ್ತಿದೆ ಎಂದರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಿಚ್ಚು ಬೀಳುತ್ತದೆ. ಕಲ್ಲುನೆಲಕ್ಕೆ ಇದು ಹೇಳಿ ಮಾಡಿಸಿದ ಸಾಧನ ಎನ್ನಲು ಕಾರಣವೂ ಇಲ್ಲೇ ಇದೆ: ಮುಟ್ಟುವ ವೋಲ್ಟೇಜು 50 ದಾಟಬಾರದು ಎಂದರೆ ಗುಂಡಿಯ ರೋಧ 1,600 ಓಮ್ ಇದ್ದರೂ ನಡೆಯುತ್ತದೆ. ಫ್ಯೂಸು ಬೇಡುವ ಒಂದೆರಡು ಓಮಿನ ಗುಂಡಿಯನ್ನು ಜೋಗಿಮಟ್ಟಿಯ ತಪ್ಪಲಿನಲ್ಲಿ ತೋಡಲಾಗದು. ಈ ಸಾಧನಕ್ಕೆ ಸಾಕಾಗುವ ಗುಂಡಿಯನ್ನು ಕೋಟೆಯ ಬುಡದಲ್ಲೂ ತೋಡಬಹುದು.

ಅಮೆರಿಕದಲ್ಲಿ ಇದನ್ನು ಮೊದಲು ಕಡ್ಡಾಯ ಮಾಡಿದ್ದು ನೀರಿನ ಪಕ್ಕದಲ್ಲೇ ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲಿನ ವಿದ್ಯುತ್ ಸಂಹಿತೆ 1968ರಲ್ಲಿ ಈಜುಕೊಳದ ನೀರೊಳಗಿನ ದೀಪಗಳಿಗೆ, 1975ರ ಹೊತ್ತಿಗೆ ಬಚ್ಚಲಿನ ಸಾಕೆಟ್ಟುಗಳಿಗೆ ಇದನ್ನು ಅನ್ವಯಿಸಿತು. ನಮ್ಮಲ್ಲಿ 1956ರ ಭಾರತೀಯ ವಿದ್ಯುತ್ ನಿಯಮಗಳಿಗೆ 61-ಎ ಎಂಬ ನಿಯಮ ಆಮೇಲೆ ಸೇರಿತು, ಆದರೆ 5 ಕಿಲೋವ್ಯಾಟಿಗಿಂತ ಕಡಿಮೆ ಲೋಡಿನ ಮನೆಗಳನ್ನು ಹೊರಗಿಟ್ಟಿತು. 2010ರ ನಿಯಮಾವಳಿಯೂ ಆ ಗೆರೆಯನ್ನು ಉಳಿಸಿಕೊಂಡಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂದಿದೆ. ಆದರೆ ಹಿಂದಿನ ಹತ್ತಾರು ವರ್ಷಗಳಲ್ಲಿ ಕಟ್ಟಿದ ಮನೆಗಳು ಹಳೆಯ ಗೆರೆಯ ಆಚೆಗೇ ಉಳಿದಿವೆ. ಆ ಗೆರೆ ಎಳೆದವರು ಸಣ್ಣ ಮನೆ ಎಂದರೆ ಎರಡು ಬಲ್ಬು ಒಂದು ಫ್ಯಾನು ಎಂದುಕೊಂಡಿರಬೇಕು. ಒಂದೂವರೆ ಕಿಲೋವ್ಯಾಟಿನ ಕಾಯಿಲ್ ಇರುವುದೇ ಅಂಥ ಮನೆಯಲ್ಲಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೇಗೋ ಸಿಕ್ಕಿಸಿ, ಅರ್ತ್ ಇಲ್ಲದೆ ಬಕೆಟ್ಟಿನಲ್ಲಿ ಇಳಿಬಿಡುವುದೂ ಅಲ್ಲೇ. ಹೆಚ್ಚು ಅಪಾಯ ಇದ್ದಲ್ಲಿ ನಿಯಮ ಸಡಿಲವಾಗಿತ್ತು, ಇದು ನನಗೆ ನಿಜಕ್ಕೂ ನೋವಿನ ವಿಷಯ. 2021ರಲ್ಲಿ ದೇಶದಲ್ಲಿ ವಿದ್ಯುದಾಘಾತದಿಂದ ಸತ್ತವರು 12 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ಹೇಳುತ್ತದೆ. ಅವರೆಲ್ಲ ಬಚ್ಚಲಲ್ಲಿ ಸತ್ತವರಲ್ಲ, ನಿಜ. ಆದರೆ ಬಚ್ಚಲ ಸಾವು ತಡೆಯಲು ಬೇಕಾದ ಸಾಧನ ಅರ್ಧ ಶತಮಾನದಿಂದ ಮಾರುಕಟ್ಟೆಯಲ್ಲಿದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದೇ: ಅದು ಸುಮ್ಮಸುಮ್ಮನೆ ಬೀಳುತ್ತದೆ. ಹಾಕಿಸಿದ ತಿಂಗಳೊಳಗೆ ಕಿತ್ತು ನೇರ ತಂತಿ ಕೊಟ್ಟ ಮನೆಗಳೂ ಉಂಟು. ಅದು ಬೀಳುವುದಕ್ಕೆ ಕಾರಣಗಳಿವೆ, ಈ ಜಿಲ್ಲೆಯಲ್ಲಿ ಇನ್ನೂ ಹೆಚ್ಚಾಗಿವೆ. ಇಲ್ಲಿನ ಬೋರ್‌ವೆಲ್ಲಿನ ಗಡಸು ನೀರು ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಪದರದ ಕೆಳಗೆ ಕಾಯಿಲ್ ಅತಿಯಾಗಿ ಕಾದು, ಹೊರಗಿನ ಕವಚ ಬಿರುಕು ಬಿಟ್ಟು ನೀರಿಗೆ ಕರೆಂಟು ಸೋರಲು ಶುರುವಾಗುತ್ತದೆ. ಆಗ ಆರ್‌ಸಿಸಿಬಿ ಬಿದ್ದರೆ ಅದು ತನ್ನ ಕೆಲಸ ಮಾಡಿದಂತೆ, ಬದಲಿಸಬೇಕಾದದ್ದು ಕಾಯಿಲ್. ಇನ್ನೊಂದು ಕಾರಣ, ನ್ಯೂಟ್ರಲ್ ಕೈಕೊಟ್ಟಾಗ ಅರ್ತ್ ತಂತಿಯನ್ನೋ ಬೋರ್‌ವೆಲ್ ಕೇಸಿಂಗ್ ಪೈಪನ್ನೋ ನ್ಯೂಟ್ರಲ್ ಮಾಡಿಕೊಂಡು ದೀಪ ಉರಿಸುವ ಹಳ್ಳಿಯ ರೂಢಿ. ಅಂಥ ವೈರಿಂಗ್ ಇರುವಲ್ಲಿ ಈ ಸ್ವಿಚ್ಚು ಒಂದು ಕ್ಷಣವೂ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕಿ, ಫ್ರಿಜ್ಜು, ಪಂಪು, ಹಳೆ ವೈರಿಂಗಿನ ಚೂರುಚೂರು ಸೋರಿಕೆಯೆಲ್ಲ ಅದರ ಮೇಲೆ ಬಿದ್ದರೆ ಮಾತ್ರ ಮನೆಯವರ ದೂರು ನ್ಯಾಯವಾದದ್ದು. ಬಚ್ಚಲಿಗೆ ಬೇರೆ ಸರ್ಕ್ಯೂಟು, ಅದಕ್ಕೇ ಒಂದು 30 ಮಿಲಿಆಂಪಿಯರಿನದು ಇಟ್ಟರೆ ಆ ದೂರೂ ಇಲ್ಲವಾಗುತ್ತದೆ. ಖರ್ಚಿನ ಮಾತಿಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದರ ಬೆಲೆ ಒಂದು ಒಳ್ಳೆಯ ಗೀಸರಿನ ಬೆಲೆಗಿಂತ ಕಡಿಮೆ.

ಹಾಗೆಂದು ಅರ್ತಿಂಗ್ ಬೇಡ ಎಂದಲ್ಲ. ಅರ್ತ್ ಇದ್ದರೆ ಸೋರಿಕೆ ಆದ ಕ್ಷಣವೇ ಸ್ವಿಚ್ಚು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಕರೆಂಟು ಅವರ ಮೈಯಲ್ಲಿ ಹರಿದ ಮೇಲಷ್ಟೇ ಬೀಳುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಈ ಸಾಧನ ಉಳಿಸಲಾರದು. ಇನ್ವರ್ಟರಿನ ಔಟ್‌ಪುಟ್ ಅದನ್ನು ತಪ್ಪಿಸಿ ಹೋಗಿದ್ದರೆ ಆ ಸಾಲಿಗೆ ರಕ್ಷಣೆಯೇ ಇಲ್ಲ. ಒಳಗಿನ ಯಂತ್ರ ಹಿಡಿದುಕೊಳ್ಳಬಹುದು, ಆದ್ದರಿಂದ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಹಾಟ್ ಟಬ್ಬಿನ ವಿಷಯದಲ್ಲಂತೂ ವಾದಕ್ಕೇ ಜಾಗವಿಲ್ಲ. ಬಕೆಟ್ಟಿನ ನೀರಿಗೆ ಕೈ ಹೋಗುತ್ತದೆ, ಇಲ್ಲಿ ಮೈಯೇ ನೀರೊಳಗಿರುತ್ತದೆ, ಮೋಟಾರೂ ಹೀಟರೂ ಅದೇ ನೀರಿಗೆ ಜೋಡಿಸಿರುತ್ತವೆ. ಅಂತರರಾಷ್ಟ್ರೀಯ ಸಂಹಿತೆ ಬಚ್ಚಲನ್ನು ವಲಯಗಳಾಗಿ ಒಡೆಯುತ್ತದೆ. ಟಬ್ಬಿನ ಒಳಗೆ 12 ವೋಲ್ಟಿಗಿಂತ ಹೆಚ್ಚಿನ ಉಪಕರಣ ಇರಕೂಡದು, ಟಬ್ಬಿನ ಅಂಚಿನಿಂದ 60 ಸೆಂಟಿಮೀಟರಿನವರೆಗೂ ಕಟ್ಟುನಿಟ್ಟಿದೆ. ಟಬ್ಬಿಗೆ ತನ್ನದೇ ಸರ್ಕ್ಯೂಟು, ತನ್ನದೇ 30 ಮಿಲಿಆಂಪಿಯರಿನ ರಕ್ಷಣೆ, ಫೇಸು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಸ್ವಿಚ್ಚು ನೀರಲ್ಲಿ ಕೂತವರ ಕೈಗೆಟುಕದಷ್ಟು ದೂರದಲ್ಲಿ, ಸುತ್ತಲಿನ ಲೋಹದ ಪೈಪುಗಳನ್ನೆಲ್ಲ ಒಂದಕ್ಕೊಂದು ಬೆಸೆಯುವ ತಾಮ್ರದ ತಂತಿ. ಟೈಲ್ಸ್ ಹಾಕುವ ಮೊದಲೇ ಇವೆಲ್ಲ ಗೋಡೆಯೊಳಗೆ ಕೂತಿರಬೇಕು.

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 2023ರಿಂದ ತಿಂಗಳಿಗೆ 200 ಯೂನಿಟ್ಟಿನವರೆಗೆ, ಹಿಂದಿನ ಸರಾಸರಿಯ ಮೇಲೆ ತುಸು ಸೇರಿಸಿದ ಮಿತಿಯೊಳಗೆ, ಬಿಲ್ಲು ಇಲ್ಲ. ದಿನಕ್ಕೊಂದು ಗಂಟೆ ಉರಿದ ಮೂರು ಕಿಲೋವ್ಯಾಟಿನ ಗೀಸರು ತಿಂಗಳಿಗೆ ಎಳೆಯುವುದು 90 ಯೂನಿಟ್. ಸೌದೆ ಒಲೆ ಆರಿ ಕರೆಂಟಿನ ಬಿಸಿನೀರು ಇನ್ನಷ್ಟು ಮನೆಗಳಿಗೆ ಬರಲು ಈ ಲೆಕ್ಕ ದಾರಿ ಮಾಡುತ್ತದೆ, ಬರಲಿ. ಕರೆಂಟಿಗೆ ಹಣ ಕೊಡುವ ಸರ್ಕಾರ ಬಡವರ ಮನೆಗಳಿಗೆ ಕೊಟ್ಟ ಭಾಗ್ಯಜ್ಯೋತಿಯಂಥ ಸಂಪರ್ಕಗಳ ಬೋರ್ಡಿಗೆ ಈ ಸ್ವಿಚ್ಚನ್ನೂ ಕೊಡಬಹುದು. ವಿದ್ಯುತ್ ಕಂಪನಿ ಬೆಸ್ಕಾಂ ವ್ಯಾಪ್ತಿಯ ಈ ತಾಲ್ಲೂಕುಗಳಲ್ಲಿ ಅರ್ತ್ ಗುಂಡಿಯ ರೋಧವನ್ನು ಮಳೆ ಬಿದ್ದ ಮೇಲೆ ಅಳೆದು ಬರೆದ ಅಂಕಿಯನ್ನು ಒಪ್ಪದೆ, ಗುಂಡಿ ಪೂರ್ತಿ ಒಣಗಿರುವ ಮೇ ತಿಂಗಳಲ್ಲಿ ಅಳೆಯಿಸಬೇಕು.